ಎಣ್ಣೆಯ ಹಗೇವು



ಹಗೇವು ಅಂದರೆ ಏನು ಅಂತ ನಿಮ್ಮ ಅಜ್ಜಿಯನ್ನು ಕೇಳಿ ನೋಡ್ರಿ. ಮೊದಲು ನಮ್ಮ ಕಡೆ ನೆಲದೊಳಗೆ ಕುಣಿ ತೋಡಿ, ಜೋಳ ತುಂಬಿ, ಬಾಯಿ ಮುಚ್ಚಿ ಇಡುತ್ತಿದ್ದರು. ಬರಗಾಲ ಬಂದರೆ ಅದೇ ಗತಿ. ದೇಶಕ್ಕೂ ಇಂಥದೊಂದು ಹಗೇವು ಬೇಕು. ಜೋಳಕ್ಕಲ್ಲ, ಎಣ್ಣೆಗೆ!

ನಮ್ಮೂರ ಟ್ರ್ಯಾಕ್ಟರು, ಲಾರಿ ಓಡೋದು ಡೀಸೆಲ್ ಮೇಲೆ. ಡೀಸೆಲ್ ತೆಗೆಯುವ ಕಚ್ಚಾ ಎಣ್ಣೆಯಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಪಾಲು ಹೊರದೇಶದಿಂದ ಬರುತ್ತದೆ. 1990ರಲ್ಲಿ ಇರಾಕ್ ದೇಶ ಕುವೈತ್ ಮೇಲೆ ದಾಳಿ ಮಾಡಿದಾಗ ಎಣ್ಣೆಯ ಬೆಲೆ ಏರಿ ನಮ್ಮ ದೇಶಕ್ಕೆ ಬಹಳ ತೊಂದರೆ ಆಯಿತು.

ಅಮೆರಿಕದವರು ಎಣ್ಣೆಯನ್ನು ಉಪ್ಪಿನೊಳಗೆ ಇಡುತ್ತಾರೆ. ಟೆಕ್ಸಾಸ್, ಲೂಸಿಯಾನಾ ರಾಜ್ಯಗಳಲ್ಲಿ ನೆಲದಡಿ ಗುಡ್ಡದಂಥ ಉಪ್ಪಿನ ಗುಮ್ಮಟಗಳಿವೆ. ಕೊಳವೆಯಿಂದ ನೀರು ಬಿಟ್ಟು ಉಪ್ಪು ಕರಗಿಸಿ, ಆ ಉಪ್ಪುನೀರು ಹೊರತೆಗೆದರೆ ಒಳಗೆ ದೊಡ್ಡ ಗುಹೆ ಆಗುತ್ತದೆ. ಎಣ್ಣೆಯಲ್ಲಿ ಉಪ್ಪು ಕರಗುವುದಿಲ್ಲ. ಮೇಲಿನ ಭಾರಕ್ಕೆ ಉಪ್ಪು ಮೆಲ್ಲಗೆ ಸರಿದು ಸಣ್ಣ ಬಿರುಕುಗಳು ತಾವೇ ಮುಚ್ಚಿಕೊಳ್ಳುತ್ತವೆ. ಜರ್ಮನಿಯ ಹುಂಟಾರ್ಫ್‌ನಲ್ಲಿ 1978ರಿಂದ ಇಂಥ ಗುಹೆಗೆ ಗಾಳಿ ಒತ್ತಿ ತುಂಬಿ, ಬೇಕಾದಾಗ ಅದರ ಸಹಾಯದಿಂದ ಕರೆಂಟು ತೆಗೆಯುತ್ತಾರೆ.

ನಮ್ಮ ಕರ್ನಾಟಕದಲ್ಲಿ ಇಂಥ ಉಪ್ಪಿನ ಗುಮ್ಮಟವಿಲ್ಲ. ಗಟ್ಟಿ ಕಲ್ಲು ಬೇಕಾದಷ್ಟಿದೆ. ಅದನ್ನೇ ಕೊರೆದು ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ ಎಣ್ಣೆ ಹಿಡಿಯುವ ಗುಹೆ ಮಾಡಿದ್ದಾರೆ. ಆಂಧ್ರದ ವಿಶಾಖಪಟ್ಟಣದಲ್ಲೂ ಒಂದಿದೆ.

ಆದರೆ ಕಲ್ಲಿಗೆ ಬಿರುಕು ಇರುತ್ತದಲ್ಲ? ನಮ್ಮೂರ ಬಂಡೆಗಳನ್ನೇ ನೋಡಿ. ಎಣ್ಣೆ ಸೋರುವುದಿಲ್ಲವೇ? ಇಲ್ಲೇ ಇದೆ ಜಾಣತನ. ಗುಹೆಯನ್ನು ಅಂತರ್ಜಲದ ಮಟ್ಟಕ್ಕಿಂತ ಕೆಳಗೆ ಕೊರೆಯುತ್ತಾರೆ. ಸುತ್ತಲಿನ ಬಿರುಕುಗಳಲ್ಲೆಲ್ಲ ನೀರು ತುಂಬಿ ಎಣ್ಣೆಯನ್ನು ಒಳಕ್ಕೇ ಒತ್ತಿ ಹಿಡಿಯುತ್ತದೆ. ನೀರು ಕಡಿಮೆ ಆಗದಂತೆ ಮೇಲೆ ಸಾಲಾಗಿ ತೂತು ಕೊರೆದು ನೀರು ಬಿಡುತ್ತಾರೆ. ಇದಕ್ಕೆ ‘ನೀರಿನ ಪರದೆ’ ಅನ್ನಬಹುದು. ಒಳಗೆ ಜಿನುಗಿದ ನೀರು ಎಣ್ಣೆಯ ಅಡಿಗೆ ಇಳಿಯುತ್ತದೆ, ಅದನ್ನು ಪಂಪಿನಿಂದ ಎತ್ತುತ್ತಾರೆ. ಲೋಟದಲ್ಲಿ ನೀರು, ಶೇಂಗಾ ಎಣ್ಣೆ ಹಾಕಿ ನೋಡಿ, ತಿಳಿಯುತ್ತದೆ.

ಅಂದರೆ ಎಣ್ಣೆಯನ್ನು ಕಾಯುವುದು ಬರೀ ಕಲ್ಲಲ್ಲ, ನೀರು! ಅಂತರ್ಜಲ ಬತ್ತಿದರೆ ಬಾವಿಗೂ ಕಷ್ಟ, ಎಣ್ಣೆಯ ಹಗೇವಿಗೂ ಕಷ್ಟ.

ಮೂರೂ ಕಡೆ ಪೂರ್ತಿ ತುಂಬಿದರೂ ದೇಶಕ್ಕೆ ಆಗುವುದು ಸುಮಾರು ಒಂಬತ್ತೂವರೆ ದಿನ ಮಾತ್ರ. ಆದ್ದರಿಂದ ನೀರನ್ನೂ ಎಣ್ಣೆಯನ್ನೂ ಹಿತಮಿತವಾಗಿ ಬಳಸೋಣ.