ನಮ್ಮಲ್ಲಿ ಜಿಂಕೆ ಬೇಟೆಗೆ ಸೀಸನ್ ಏಕಿಲ್ಲ?

ಶಿವಮೊಗ್ಗದಿಂದ ಸಾಗರದ ದಾರಿಯಲ್ಲಿ ಸಿಗುವ ತ್ಯಾವರೆಕೊಪ್ಪ ಸಫಾರಿಯಲ್ಲಿ ಹುಲಿ, ಸಿಂಹದ ಜೊತೆಗೆ ಚುಕ್ಕೆ ಜಿಂಕೆಗಳೂ ಕಾಣುತ್ತವೆ. ಅಮೆರಿಕದಲ್ಲಿ ಇದರ ದೂರದ ನಂಟ ಬಿಳಿಬಾಲದ ಜಿಂಕೆಯನ್ನು ಲೈಸೆನ್ಸ್ ಪಡೆದು ಪ್ರತಿವರ್ಷ ಲಕ್ಷಗಟ್ಟಲೆ ಬೇಟೆಯಾಡುತ್ತಾರೆ. ಇಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ. ಬೆಳೆ ಕಳೆದುಕೊಂಡ ರೈತರು ಕೇಳುವುದು ಸಹಜ: ಅಲ್ಲಿ ಸರಿಯಾದದ್ದು ಇಲ್ಲಿ ತಪ್ಪು ಹೇಗೆ?

ಉತ್ತರ ಇರುವುದು ಜಿಂಕೆಯನ್ನು ತಿನ್ನುವವರ ಲೆಕ್ಕದಲ್ಲಿ. ಅಮೆರಿಕದ ಪೂರ್ವಭಾಗದ ಬಹುತೇಕ ಕಡೆ ತೋಳ, ಪ್ಯೂಮಾಗಳನ್ನು ಮನುಷ್ಯರೇ ಮುಗಿಸಿದರು. ಆ ಖಾಲಿ ಜಾಗದಲ್ಲಿ ಈಗ ಕೋವಿ ನಿಂತಿದೆ. ನಮ್ಮ ಮಲೆನಾಡಿನಲ್ಲಿ ಚಿರತೆ, ಸೀಳುನಾಯಿ ಇನ್ನೂ ಇವೆ, ಭದ್ರಾ ಕಾಡಿನಲ್ಲಿ ಹುಲಿಯೂ ಇದೆ. ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ದೊಡ್ಡ ಬಲಿಪ್ರಾಣಿ ಬೇಕು. ಬಲಿಪ್ರಾಣಿ ಹೇರಳವಾಗಿದ್ದಲ್ಲೇ ಹುಲಿ ಹೆಚ್ಚು ಎಂಬುದನ್ನು ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರ ಸಂಶೋಧನೆ ತೋರಿಸಿದೆ. ಜಿಂಕೆ ನಮ್ಮ ಪಾಲಾದರೆ ಚಿರತೆ ಕೊಟ್ಟಿಗೆಯತ್ತ ನೋಡುವ ಸಂಭವವೇ ಹೆಚ್ಚು.

ಬೇಟೆಯಿಂದಲೇ ಅಲ್ಲಿ ಜಿಂಕೆ ಉಳಿದಿದೆಯಲ್ಲ ಎನ್ನಬಹುದು. ಅರ್ಧ ಸತ್ಯ. ಮಾಂಸ, ಚರ್ಮದ ವ್ಯಾಪಾರಕ್ಕೆ ಕೊಂದು 1900ರ ಹೊತ್ತಿಗೆ ಅದನ್ನು ಬಹುತೇಕ ಬರಿದು ಮಾಡಿದವರೂ ಬೇಟೆಗಾರರೇ. ಉಳಿಸಿದ್ದು ಎಣಿಕೆ, ಮಿತಿ, ಬಿಗಿ ಕಾವಲು. ಉರುಳು, ನಾಡಕೋವಿಯನ್ನೇ ಪೂರ್ತಿ ತಡೆಯಲಾಗದ ಕಡೆ ಸೀಸನ್ ತೆರೆದರೆ ಲೆಕ್ಕ ಇಡುವವರಾರು? ರೈತರ ನಷ್ಟವಂತೂ ನಿಜ. ಪರಿಹಾರ ಬೇಗ, ಪೂರ್ತಿ ಸಿಗಬೇಕು. ಬೆಳೆಗೆ ತೀರಾ ಮಾರಕವಾದ ಪ್ರಾಣಿಗಳ ಬಗ್ಗೆ ಅದೇ ಕಾಯ್ದೆಯ 11ನೇ ಸೆಕ್ಷನ್ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಷರತ್ತುಬದ್ಧ ಅಧಿಕಾರ ಕೊಟ್ಟೇ ಇದೆ.