ನೂಲಿನ ಚೀಲಕ್ಕೆ ಚೀಟಿ ಅಂಟಿಸಿದ ಮೇಲೆ

ಮುಂಬೈ ಆಸುಪಾಸಿನ ತಾರಾಪುರ, ಉಂಬರಗಾಂವ್‌ಗಳಲ್ಲಿ ಹತ್ತಿ ಬಟ್ಟೆ ನೇಯುವ ಕಾರ್ಖಾನೆಗಳಿವೆ. 2008ರಲ್ಲಿ ಸಂಶೋಧಕರು ಅಲ್ಲಿಗೆ ಹೋದಾಗ ಗೋದಾಮುಗಳಲ್ಲಿ ನೂಲು ತಿಂಗಳುಗಟ್ಟಲೆಯಿಂದ ಬಿದ್ದಿತ್ತು. ಯಾವ ಚೀಲದಲ್ಲಿ ಯಾವ ನೂಲು ಎಂದು ಹೇಳುವ ಚೀಟಿಯಿರಲಿಲ್ಲ, ಲೆಕ್ಕವೂ ಇರಲಿಲ್ಲ. ಇರುವ ನೂಲೇ ಕಣ್ಣಿಗೆ ಬೀಳದೆ ಮತ್ತೆ ಕೊಳ್ಳುವುದೂ ನಡೆಯುತ್ತಿತ್ತು. ಅಷ್ಟು ಬಂಡವಾಳ ನೆಲದ ಮೇಲೆ ಕೊಳೆಯುತ್ತಿತ್ತು.

ಈ ಸಂಶೋಧಕರಾದ ನಿಕೋಲಸ್ ಬ್ಲೂಮ್, ಅಪ್ರಜಿತ್ ಮಹಾಜನ್ ಮತ್ತು ಸಂಗಡಿಗರ ಪ್ರಶ್ನೆ ಸರಳ: ಆಡಳಿತ ಸುಧಾರಿಸಿದರೆ ಲಾಭ ಹೆಚ್ಚುತ್ತದೆಯೇ? ಚೆನ್ನಾಗಿ ನಡೆಯುವ ಕಂಪನಿಗಳಲ್ಲಿ ಒಳ್ಳೆಯ ಆಡಳಿತ ಕಾಣುತ್ತದೆ, ನಿಜ. ಆದರೆ ಯಾವುದರಿಂದ ಯಾವುದು ಬಂತು ಎಂದು ಹೊರಗಿನಿಂದ ನೋಡಿ ಹೇಳಲಾಗದು. ಹಾಗಾಗಿ ಅವರು ಹೊಸ ಔಷಧಿ ಪರೀಕ್ಷಿಸುವ ದಾರಿ ಹಿಡಿದರು. ಕಂಪನಿಗಳನ್ನು ಲಾಟರಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿನ 14 ಘಟಕಗಳಿಗೆ ಐದು ತಿಂಗಳ ಸಲಹೆ, ಅದೂ ಪುಕ್ಕಟೆ. ಹೋಲಿಕೆಗೆ ಇಟ್ಟುಕೊಂಡ 6 ಘಟಕಗಳಿಗೆ ಒಂದು ತಿಂಗಳ ತಪಾಸಣೆ ಮಾತ್ರ.

ಸಲಹೆಗಳಲ್ಲಿ ಪವಾಡವೇನೂ ಇರಲಿಲ್ಲ. ನೂಲಿಗೆ ಚೀಟಿ ಅಂಟಿಸಿ, ಮಗ್ಗ ಕೆಡುವ ಮೊದಲೇ ಎಣ್ಣೆ ಹಾಕಿ, ಬಟ್ಟೆಯ ದೋಷ ಯಾವ ಮಗ್ಗದಿಂದ ಬಂತೆಂದು ದಿನವೂ ಬರೆದಿಡಿ. ಇಂಥ 38 ಪದ್ಧತಿಗಳು. ಮೊದಲ ವರ್ಷವೇ ಉತ್ಪಾದಕತೆ ಶೇ. 17ರಷ್ಟು ಏರಿತು, ದೋಷಗಳು ಶೇ. 40ಕ್ಕಿಂತ ಹೆಚ್ಚು ಇಳಿದವು.

ಇಷ್ಟು ಸುಲಭವಾದದ್ದನ್ನು ಮಾಲೀಕರು ಮೊದಲೇ ಏಕೆ ಮಾಡಿರಲಿಲ್ಲ? ಸೋಮಾರಿತನ ಎಂದುಬಿಡುವುದು ಅನ್ಯಾಯ. ಕೆಲವು ಪದ್ಧತಿಗಳ ಹೆಸರನ್ನೇ ಅವರು ಕೇಳಿರಲಿಲ್ಲ. ಕೇಳಿದ್ದವರಿಗೂ ನಂಬಿಕೆಯಿರಲಿಲ್ಲ: ಪಕ್ಕದವನ ಬಟ್ಟೆಯಷ್ಟೇ ನಮ್ಮದೂ ಚೆನ್ನಾಗಿದೆ, ಗುಣಮಟ್ಟಕ್ಕೆಂದು ಖರ್ಚು ಯಾಕೆ? ಪಕ್ಕದವನ ಬಟ್ಟೆಯಲ್ಲೂ ಅಷ್ಟೇ ದೋಷ!

ಹಾಗಿದ್ದರೆ ಚೆನ್ನಾಗಿ ನಡೆಯುವ ಗಿರಣಿ ಬೆಳೆದು ಉಳಿದವರನ್ನು ಮಾರುಕಟ್ಟೆಯಿಂದ ಹೊರದಬ್ಬಬೇಕಿತ್ತಲ್ಲ? ನನಗೆ ಅತ್ಯಂತ ಕುತೂಹಲ ಹುಟ್ಟಿಸಿದ್ದು ಇದರ ಉತ್ತರ. ಕಂಪನಿ ಎಷ್ಟು ದೊಡ್ಡದು ಎಂಬುದನ್ನು ಅದರ ಆಡಳಿತಕ್ಕಿಂತ ನಿಖರವಾಗಿ ಹೇಳುತ್ತಿದ್ದುದು ಮಾಲೀಕರ ಮನೆಯಲ್ಲಿರುವ ಗಂಡಸರ ಸಂಖ್ಯೆ! ಹೊರಗಿನ ಮ್ಯಾನೇಜರ್ ಕದ್ದರೆ ಕೋರ್ಟಿಗೆ ಅಲೆದು ಹಣ ವಾಪಸು ಪಡೆಯುವುದು ಯಾರಿಂದಾದೀತು? ಹಾಗಾಗಿ ತಿಜೋರಿ, ಖರೀದಿ, ನೇಮಕಾತಿ ಎಲ್ಲ ಅಣ್ಣತಮ್ಮಂದಿರ, ಗಂಡುಮಕ್ಕಳ ಕೈಯಲ್ಲೇ. ಅವರು ಎಷ್ಟು ಜನರೋ ಕಂಪನಿಯೂ ಅಷ್ಟೇ. ಹೆಣ್ಣುಮಕ್ಕಳು ಈ ಲೆಕ್ಕಕ್ಕೇ ಬರುತ್ತಿರಲಿಲ್ಲ.

ಒಂಬತ್ತು ವರ್ಷಗಳ ನಂತರ ಸಂಶೋಧಕರು ಮತ್ತೆ ಅಲ್ಲಿಗೆ ಹೋದರು. ರೂಢಿಗೆ ಬಂದಿದ್ದ ಪದ್ಧತಿಗಳಲ್ಲಿ ಸುಮಾರು ಅರ್ಧ ಬಿಟ್ಟುಹೋಗಿದ್ದವು. ಮ್ಯಾನೇಜರ್ ಕೆಲಸ ಬಿಟ್ಟ, ಮಾಲೀಕರಿಗೆ ಪುರುಸೊತ್ತಾಗಲಿಲ್ಲ ಎಂಬುವೇ ಮುಖ್ಯ ಕಾರಣಗಳು. ಆದರೂ ಸಲಹೆ ಪಡೆದ ಘಟಕಗಳು ಉಳಿದವಕ್ಕಿಂತ ಮುಂದೆಯೇ ಇದ್ದವು. ಅದೇ ಮಾಲೀಕರ ಬೇರೆ ಘಟಕಗಳಿಗೂ ಅನೇಕ ಪದ್ಧತಿಗಳು ಹಬ್ಬಿದ್ದವು; ಬೇರೆಯವರ ಕಂಪನಿಗೆ ದಾಟಿದ್ದು ಮಾತ್ರ ತೀರಾ ಕಡಿಮೆ.