ಕಣ ಮತ್ತು ಅಂಗಳಗಳಿಗೆ ಮಟ್ಟ ನೋಡುವ ಸಾಧನಗಳ ಆಯ್ಕೆ

ಮಲೆನಾಡಿನ ತೋಟಗಾರನಿಗೆ ಕಣವು ಉಗ್ರಾಣದಷ್ಟೇ ಮುಖ್ಯವಾದುದು. ಕಾಫಿಯ ಹಣ್ಣಾಗಲಿ ಅಡಕೆಯಾಗಲಿ ವರ್ಷದ ದುಡಿಮೆಯೆಲ್ಲವೂ ಕೆಲವು ವಾರಗಳ ಕಾಲ ಅದರ ಮೇಲೆ ಹರಡಿಕೊಂಡಿರುವುದು. ಆ ಸಮಯದಲ್ಲಿ ಅಕಾಲದ ಮಳೆಯೊಂದು ಬಂದರೆ, ನೀರು ಹರಿದು ಹೋಗುವ ಕಣದಲ್ಲಿ ಫಸಲು ಒಂದೆರಡು ದಿವಸ ತಡವಾಗಿ ಒಣಗುವುದು. ನೀರು ನಿಲ್ಲುವ ಕಣದಲ್ಲಿ ಬೂಷ್ಟು ಹಿಡಿದು ಬೆಲೆಯೇ ಇಳಿಯುವುದು. ಮನೆಯ ಮುಂದಣ ಅಂಗಳದ ವಿಷಯವೂ ಹೀಗೆಯೇ. ಹಾಸುಗಲ್ಲು ಗೋಡೆಯ ಕಡೆಗೆ ಒಂದಿಷ್ಟು ವಾಲಿದರೆ ಸಾಕು, ತಳಪಾಯಕ್ಕೆ ನೀರು ಇಳಿದು ಗೋಡೆಯು ವರ್ಷವಿಡೀ ತೇವವಾಗಿರುವುದು.

ಇಂತಹ ಕಣಗಳನ್ನು ನೋಡಿದರೆ ಕಲ್ಲಿನಲ್ಲಿಯೂ ಸಿಮೆಂಟಿನಲ್ಲಿಯೂ ದೋಷವು ಕಾಣಿಸುವುದಿಲ್ಲ, ದೋಷವಿರುವುದು ಮಟ್ಟದಲ್ಲಿ. ಭೂಮಾಲೀಕರು ಚಪ್ಪಡಿಯ ದರವನ್ನು ನಾಲ್ಕು ಕಡೆ ವಿಚಾರಿಸುವರು. ಮೇಸ್ತ್ರಿಯು ಯಾವ ಸಾಧನದಿಂದ ಮಟ್ಟ ನೋಡುವನೆಂಬುದನ್ನು ಮಾತ್ರ ಕೇಳುವವರು ವಿರಳ. ಕೆಲಸ ಮುಗಿದ ಮೇಲೆ ಒಂದು ಕೊಡ ನೀರು ಸುರಿದು ಪರೀಕ್ಷಿಸುವ ಪದ್ಧತಿಯುಂಟು. ಆ ಪರೀಕ್ಷೆಯು ಸತ್ಯವನ್ನೇ ಹೇಳುತ್ತದೆ, ಆದರೆ ಕಲ್ಲು ಕಿತ್ತು ಪುನಃ ಹಾಸಬೇಕಾದ ಕಾಲದಲ್ಲಿ ಹೇಳುತ್ತದೆ.

ಮೊದಲು ತಿಳಿಯಬೇಕಾದುದು, ಕಣವು ಪೂರ್ಣ ಸಮವಾಗಿರತಕ್ಕದ್ದಲ್ಲವೆಂಬುದು. ಚಪ್ಪಡಿ ಅಥವಾ ಇಟ್ಟಿಗೆಯ ಹಾಸಿಗೆಗೆ ಹತ್ತು ಅಡಿಗೆ ಒಂದೂವರೆ ಅಂಗುಲದಷ್ಟು ಇಳಿಜಾರು ಬೇಕು. ನುಣುಪಾದ ಸಿಮೆಂಟು ನೆಲಕ್ಕೆ ಇದಕ್ಕಿಂತ ಸ್ವಲ್ಪ ಕಡಿಮೆಯಾದರೂ ನಡೆಯುವುದು. ಈ ಲೆಕ್ಕದಲ್ಲಿ 60 ಅಡಿ ಉದ್ದದ ಕಣದ ಒಂದು ತುದಿಯು ಇನ್ನೊಂದಕ್ಕಿಂತ 9 ಅಂಗುಲ ತಗ್ಗಿರಬೇಕಾಯಿತು. ಕಣ್ಣಂದಾಜಿನಿಂದ ಇದು ಸಾಧ್ಯವಿಲ್ಲ. ಸುತ್ತಲಿನ ನೆಲವೇ ಓರೆಯಾಗಿರುವ ಗುಡ್ಡದ ಸೀಮೆಯಲ್ಲಿ ಕಣ್ಣು ಇನ್ನೂ ಹೆಚ್ಚಾಗಿ ಮೋಸಹೋಗುವುದು.

ಎಲ್ಲ ಮೇಸ್ತ್ರಿಗಳ ಕೈಯಲ್ಲಿಯೂ ಇರುವುದು ರಸಮಟ್ಟ. ಗಾಜಿನ ಕೊಳವೆಯೊಳಗಿನ ಗುಳ್ಳೆಯಿಂದ ಮಟ್ಟವನ್ನು ಅರಿಯುವ ಈ ಉಪಾಯವನ್ನು 1661ರ ಸುಮಾರಿನಲ್ಲಿ ಫ್ರಾನ್ಸ್ ದೇಶದ ಥೆವನೋ ಎಂಬ ವಿದ್ವಾಂಸನು ಕಂಡುಹಿಡಿದನೆಂದು ಪ್ರಸಿದ್ಧವಾಗಿದೆ. ಒಂದು ಚಪ್ಪಡಿಯನ್ನು ಕೂರಿಸುವುದಕ್ಕೆ ಇದಕ್ಕಿಂತ ಅನುಕೂಲವಾದುದು ಬೇರೊಂದಿಲ್ಲ. ಆದರೆ ಎರಡು ಅಡಿಯ ರಸಮಟ್ಟದಿಂದ ಅರವತ್ತು ಅಡಿಯ ಕಣವನ್ನು ಅಳೆಯಹೊರಟರೆ ಮೂವತ್ತು ಸಲ ಅದನ್ನು ಎತ್ತಿ ಇಡಬೇಕು. ಪ್ರತಿಸಲವೂ ಅಂಗುಲದಲ್ಲಿ ಹದಿನಾರನೆಯ ಒಂದು ಪಾಲು ಒಂದೇ ಕಡೆಗೆ ತಪ್ಪಿದರೂ ಕೊನೆಗೆ ಎರಡಂಗುಲದ ಹತ್ತಿರ ವ್ಯತ್ಯಾಸ ಬೀಳುವುದು. ಎರಡು ಕಡೆಯಿಂದ ಹಾಸುತ್ತ ಬಂದ ಕಲ್ಲುಗಳು ನಡುವೆ ಕೂಡುವಾಗ ಈ ವ್ಯತ್ಯಾಸವು ತಗ್ಗಾಗಿ ಉಳಿಯುವುದು. ನೀರು ನಿಲ್ಲುವುದು ಅಲ್ಲಿಯೇ.

ರಸಮಟ್ಟವನ್ನು ಕೊಳ್ಳುವಾಗ ಅಂಗಡಿಯಲ್ಲಿಯೇ ಪರೀಕ್ಷಿಸಬಹುದು. ಮೇಜಿನ ಮೇಲಿಟ್ಟು ಗುಳ್ಳೆಯು ಎಲ್ಲಿ ನಿಂತಿತೆಂದು ನೋಡಿ, ಬಳಿಕ ಅದೇ ಸ್ಥಳದಲ್ಲಿ ತುದಿ ಬದಲಿಸಿ ಇಡಬೇಕು. ಮೇಜು ಓರೆಯಾಗಿದ್ದರೂ ಚಿಂತೆಯಿಲ್ಲ. ಗುಳ್ಳೆಯು ನೋಡುವವನ ಅದೇ ಕೈಯ ಕಡೆಗೆ ಅಷ್ಟೇ ದೂರದಲ್ಲಿ ನಿಂತರೆ ಸಾಧನವು ಸರಿಯಾದುದು. ಬೇರೆಡೆಗೆ ಸರಿದರೆ ಅದನ್ನು ಅಲ್ಲಿಯೇ ಬಿಟ್ಟು ಬರತಕ್ಕದ್ದು. ಹತ್ತು ಅಡಿಯ ನೇರವಾದ ಹಲಗೆ ಅಥವಾ ಅಲ್ಯುಮಿನಿಯಂ ಪಟ್ಟಿಯೊಂದಿದ್ದರೆ ರಸಮಟ್ಟದ ಉಪಯೋಗವು ಇಮ್ಮಡಿಯಾಗುವುದು. ಪಟ್ಟಿಯ ತಗ್ಗಿನ ತುದಿಯ ಕೆಳಗೆ ಒಂದೂವರೆ ಅಂಗುಲದ ಮರದ ತುಂಡನ್ನು ಕಟ್ಟಿ ಮೇಲೆ ರಸಮಟ್ಟವನ್ನಿಟ್ಟು, ಗುಳ್ಳೆಯು ನಡುವಿಗೆ ಬರುವಂತೆ ಹಾಸುತ್ತ ಹೋದರೆ ಇಳಿಜಾರು ತಾನಾಗಿಯೇ ದೊರೆಯುವುದು. ಮರದ ಹಲಗೆಯಾದರೆ ಮಳೆಗಾಲ ಕಳೆದ ಮೇಲೆ ಅದು ಬಾಗಿದೆಯೇ ಎಂದು ನೋಡಿಯೇ ಉಪಯೋಗಿಸಬೇಕು.

ಗೂಟಗಳನ್ನು ನೆಡುವುದಕ್ಕೆ, ಅಂದರೆ ಇಡೀ ಕಣದ ಎತ್ತರಗಳನ್ನು ಗೊತ್ತುಮಾಡುವುದಕ್ಕೆ, ನೀರಿನ ಕೊಳವೆಯೇ ಉತ್ತಮವಾದುದು. ಟ್ಯೂಬ್ ಲೆವೆಲ್ ಎಂದು ಕೆಲಸಗಾರರು ಕರೆಯುವ ಇದು ಎಪ್ಪತ್ತು ಎಂಬತ್ತು ಅಡಿ ಉದ್ದದ ಪಾರದರ್ಶಕ ಪ್ಲಾಸ್ಟಿಕ್ ಕೊಳವೆಯಲ್ಲದೆ ಮತ್ತೇನೂ ಅಲ್ಲ. ಇದರ ಬೆಲೆಯು ಅತ್ಯಲ್ಪ. ಮರೆಯಲ್ಲಿರುವ ಮೂಲೆಗೂ, ಮನೆಯ ಹಿಂಬದಿಗೂ ಇದು ಸುತ್ತಿಕೊಂಡು ಹೋಗಬಲ್ಲದು. ಬೇಕಾದುದು ಎಚ್ಚರಿಕೆ ಮತ್ತು ಇಬ್ಬರು ಆಳುಗಳು. ಎತ್ತರದಲ್ಲಿಟ್ಟ ಬಕೆಟ್ಟಿನಿಂದ ನೀರನ್ನು ನಿಧಾನವಾಗಿ ಇಳಿಸಿ ತುಂಬಬೇಕು. ಒಳಗೆ ಗಾಳಿಯ ಗುಳ್ಳೆಯೊಂದು ಉಳಿದರೂ ಮಟ್ಟವು ಸುಳ್ಳಾಗುವುದು. ತುಂಬಿದ ಮೇಲೆ ಎರಡು ತುದಿಗಳನ್ನೂ ಒಂದರ ಪಕ್ಕದಲ್ಲೊಂದು ಹಿಡಿದು ನೀರು ಸಮನಾಗಿ ನಿಂತಿತೇ ಎಂದು ನೋಡತಕ್ಕದ್ದು; ಕೆಲಸದ ಕೊನೆಯಲ್ಲಿ ಇದೇ ಪರೀಕ್ಷೆಯನ್ನು ಮತ್ತೊಮ್ಮೆ ಮಾಡತಕ್ಕದ್ದು. ಗುರುತು ಹಾಕುವಾಗ ಎರಡು ತುದಿಗಳೂ ತೆರೆದಿರಬೇಕು. ಆಳು ಹೆಬ್ಬೆರಳನ್ನು ತೆಗೆಯಲು ಮರೆಯುವುದುಂಟು.

ಬಿಸಿಲಿನ ವಿಷಯವನ್ನು ಅನೇಕರು ಗಮನಿಸುವುದಿಲ್ಲ. ಕಾದ ನೀರು ಹಗುರವಾದುದರಿಂದ ತಣ್ಣಗಿನ ನೀರಿಗಿಂತ ಎತ್ತರಕ್ಕೆ ನಿಲ್ಲುತ್ತದೆ. ಕೊಳವೆಯ ಒಂದು ಕಾಲು ನೆರಳಿನಲ್ಲಿಯೂ ಇನ್ನೊಂದು ಸುಡುಬಿಸಿಲಿನಲ್ಲಿಯೂ ಇದ್ದು, ನೀರಿನ ಉಷ್ಣತೆಯು 25 ಮತ್ತು 45 ಡಿಗ್ರಿ ಸೆಂಟಿಗ್ರೇಡುಗಳಾದರೆ, ಐದು ಅಡಿ ಎತ್ತರದ ನೀರಿನಲ್ಲಿ ಅಂಗುಲದ ಮೂರನೆಯ ಒಂದು ಪಾಲಿಗೂ ಮೀರಿದ ವ್ಯತ್ಯಾಸ ಬರುವುದು. ಆದುದರಿಂದ ಗೂಟ ನೆಡುವ ಕೆಲಸವನ್ನು ಬೆಳಗಿನ ಹೊತ್ತಿನಲ್ಲಿಯೇ ಮುಗಿಸುವುದು ಲೇಸು.

ದಾರದ ನಡುವೆ ತೂಗುಹಾಕುವ ಸಣ್ಣ ರಸಮಟ್ಟವು ಅಗ್ಗವಾದುದು. ಆದರೆ ಸರಿಯಾಗಿ ನಡುವಿಗೆ ತೂಗದಿದ್ದರೂ, ದಾರವು ಸಡಿಲವಾಗಿದ್ದರೂ ಅದನ್ನು ನಂಬಲಾಗದು. ತೋಟದ ಬದುಗಳಿಗೆ ಸಾಲಬಹುದು, ಕಣಕ್ಕೆ ಸಾಲದು. ಮೊಬೈಲ್ ಫೋನಿನಲ್ಲಿ ಮಟ್ಟ ತೋರಿಸುವ ಏರ್ಪಾಡೂ ಆಟಕ್ಕೆ ಚೆನ್ನು.

ಈಚಿನ ಲೇಸರ್ ಮಟ್ಟದ ವಿಚಾರದಲ್ಲಿ ಬಹಳ ಉತ್ಸಾಹವು ಕಂಡುಬರುತ್ತದೆ. ಒಬ್ಬನೇ ಕೆಲಸ ಮಾಡಬಹುದೆಂಬುದು ನಿಜವಾದ ಲಾಭ. ಆದರೆ ಮನೆಯೊಳಗಿನ ಗೋಡೆಯ ಮೇಲೆ ಸ್ಪಷ್ಟವಾಗಿ ಕಾಣುವ ಕೆಂಪು ಗೆರೆಯು ಹಗಲಿನ ಬಯಲಿನಲ್ಲಿ ಕೆಲವೇ ಹೆಜ್ಜೆಗಳಾಚೆ ಕಣ್ಣಿಗೆ ಕಾಣದು. ಅಂಗಳದ ಕೆಲಸಕ್ಕೆ ಕೊಳ್ಳುವವರು ಬೆಳಕನ್ನು ಗ್ರಹಿಸಿ ಸದ್ದು ಮಾಡುವ ಗ್ರಾಹಕಯಂತ್ರವು ಜೊತೆಗಿದೆಯೇ ಎಂದು ಕೇಳಬೇಕು. ಇಲ್ಲದಿದ್ದರೆ ಮುಸ್ಸಂಜೆಗಾಗಿ ಕಾಯುತ್ತ ಕೂಲಿ ಕೊಡಬೇಕಾದೀತು.

ಕಣದಿಂದ ಹಳ್ಳದವರೆಗೆ ಇನ್ನೂರು ಮುನ್ನೂರು ಅಡಿ ಚರಂಡಿ ತೆಗೆಯಬೇಕಾದರೆ, ಅಥವಾ ಗುಡ್ಡದ ಓರೆಯನ್ನು ಕಡಿದು ದೊಡ್ಡ ಜಾಗ ಮಾಡಬೇಕಾದರೆ, ಡಂಪಿ ಲೆವೆಲ್ ಯಂತ್ರವನ್ನಾಗಲಿ ಅದರ ಜಾತಿಯ ಸ್ವಯಂಚಾಲಿತ ಯಂತ್ರವನ್ನಾಗಲಿ ತರಿಸುವುದೇ ಸರಿ. ಇಂಗ್ಲೆಂಡಿನ ಇಂಜಿನಿಯರಾದ ವಿಲಿಯಂ ಗ್ರಾವಟ್ಟನು 1832ರಲ್ಲಿ ರಚಿಸಿದ ಡಂಪಿಯು ಬಹುಕಾಲ ರೈಲುದಾರಿ ಕಾಲುವೆಗಳ ಕೆಲಸಕ್ಕೆ ಒದಗಿತು. ಇದನ್ನು ಕೊಳ್ಳುವ ಅವಶ್ಯಕತೆಯಿಲ್ಲ; ತಿಳಿದವನೊಬ್ಬನೊಡನೆ ಒಂದು ದಿವಸಕ್ಕೆ ಬಾಡಿಗೆಗೆ ತಂದರೆ ಸಾಕು. ಅಳೆಯತಕ್ಕ ಎರಡು ಸ್ಥಳಗಳಿಗೂ ಸಮದೂರದಲ್ಲಿ ಯಂತ್ರವನ್ನು ನಿಲ್ಲಿಸಿದರೆ ಅದರ ದೃಷ್ಟಿರೇಖೆಯಲ್ಲಿರುವ ತಪ್ಪು ಎರಡು ಕಡೆಗೂ ಸಮನಾಗಿ ಬಿದ್ದು ಕಳೆದುಹೋಗುವುದು. ಒಂದು ಮೂಲೆಯಲ್ಲಿ ನಿಲ್ಲಿಸಿ ಎಲ್ಲವನ್ನೂ ನೋಡುವವನನ್ನು ಮಾಲೀಕರು ಪ್ರಶ್ನಿಸಬಹುದು.

ಹಳ್ಳಿಯ ಮುಖ್ಯಸ್ಥರು ನಾಲ್ಕಾರು ಮನೆಗಳಿಗೆ ಸೇರಿ ಒಂದು ಕೊಳವೆ, ಪರೀಕ್ಷಿಸಿದ ರಸಮಟ್ಟ, ಹತ್ತಡಿಯ ಪಟ್ಟಿ ಇಷ್ಟನ್ನು ಇಟ್ಟುಕೊಂಡರೆ ಮುಕ್ಕಾಲು ಪಾಲು ಕೆಲಸಗಳು ಇವುಗಳಿಂದಲೇ ನಡೆಯುವುವು. ಕೊಳವೆಯನ್ನು ಮಡಿಸದೆ ದುಂಡಗೆ ಸುತ್ತಿ ನೆರಳಿನಲ್ಲಿ ತೂಗುಹಾಕಬೇಕು. ಕೆಲಸವನ್ನಾರಂಭಿಸುವ ದಿವಸ ಮನೆಯ ಜಗಲಿಯ ಕಲ್ಲಿನ ಮೇಲೆ ಉಳಿಯಿಂದ ಒಂದು ಅಡ್ಡಗೆರೆಯನ್ನು ಕೊರೆಯಿಸಿ, ಎಲ್ಲ ಗೂಟಗಳ ಎತ್ತರವನ್ನೂ ಅದರಿಂದಲೇ ಅಳೆದು ಪುಸ್ತಕದಲ್ಲಿ ಬರೆದಿಡತಕ್ಕದ್ದು. ಗೂಟಗಳು ಕಿತ್ತುಹೋದರೂ ಗೆರೆಯು ಉಳಿದಿರುವುದು. ಎರಡು ಮಳೆಗಾಲ ಕಳೆದ ಬಳಿಕ ಹೊಸದಾಗಿ ಮಣ್ಣು ತುಂಬಿದ ಕಡೆ ನೆಲ ಕುಸಿದಿದೆಯೇ, ಎಷ್ಟು ಕುಸಿದಿದೆ ಎಂಬುದನ್ನು ಅದೇ ಗೆರೆಯಿಂದ ಕಂಡುಕೊಳ್ಳಬಹುದು.